ಬೆಟ್ಟ ಹತ್ತುವ ಅಪ್ಪ, ಕುಡಿಯುವ ಅಪ್ಪ

ಹೋದ ವರ್ಷ ಜಾರ್ಜಿಯಾದಿಂದ ವಾಪಸ್ ಬಂದ ಮೂರನೇ ದಿನ. ಮೈಸೂರಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಕೂತು ಅವ್ವ ಕೀರೆಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅಲ್ಲಿ ಗುಡೀಲಿ ಸ್ವಾಮ್ಗೋಳೇ ಹೆಂಡ ಮಾಡ್ತರಂತೆ. ನಿಜ್ವೇನವ್ವ?" ಮೊಮ್ಮಗಳು ಫೋನಿನಲ್ಲಿ ಹೇಳಿರಬೇಕು. ನಿಜ ಅಂದೆ. ಹೆಂಡ ಅಲ್ಲ, ದ್ರಾಕ್ಷಿಯ ವೈನ್, ಆದರೆ ಮಾಡೋದು ಸನ್ಯಾಸಿಗಳೇ ಅಂದೆ. ಅವ್ವ ಸ್ವಲ್ಪ ಹೊತ್ತು ಸೊಪ್ಪನ್ನೇ ನೋಡುತ್ತಾ ಕೂತಳು. ಆಮೇಲೆ, "ಕುಡ್ದೋರ್ನೂ ದೇವ್ರು ಒಳಕ್ಕೆ ಬುಟ್ಕತನಾ?" ಅಂದಳು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವಳು ಕೇಳಿದ್ದು ಯಾರ ಬಗ್ಗೆ ಅಂತ ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಕುಡಿತ ಅಂದರೆ ಅಪ್ಪ. ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ಸಂಜೆ ಆರು ಗಂಟೆ ಆದ ಮೇಲೆ ಅಪ್ಪನ ಹೆಜ್ಜೆ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆ ಅಂತ ನಾವು ಮೂವರೂ ಲೆಕ್ಕ ಹಾಕುತ್ತಿದ್ದೆವು. ಅಂಗಿ ಜೇಬಿನಲ್ಲಿ ಖಾಲಿ ಸಾರಾಯಿ ಪ್ಯಾಕೆಟ್ ಇರುತ್ತಿತ್ತು. ಬಟ್ಟೆ ಒಗೆಯುವಾಗ ಅದನ್ನು ತೆಗೆದು ಒಲೆಗೆ ಹಾಕುವುದು ನನ್ನ ಕೆಲಸ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಅಪ್ಪ ತೀರಿಕೊಂಡಿದ್ದು 2003ರಲ್ಲಿ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದ ದಿನ ಅವ್ವ ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಒಲೆ ಮುಂದೆ ಕೂತು ಅತ್ತಳು. ನಾಲ್ಕು ವರ್ಷ ಮುಂಚೆ ಬಂದಿದ್ದರೆ ಅಂತ. ಅದೇ 2007ರಲ್ಲಿ ನಮ್ಮ ರಾಜ್ಯಕ್ಕೆ ದ್ರಾಕ್ಷಿ ವೈನ್ ನೀತಿಯೂ ಬಂತು. ಒಂದು ಕೈಯಲ್ಲಿ ಬಡವರ ಪ್ಯಾಕೆಟ್ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಉಳ್ಳವರಿಗೆ ಲೋಟ ಕೊಟ್ಟ ಹಾಗೆ ನನಗೆ ಆಗ ಕಂಡಿತ್ತು. ಈಗಲೂ ಪೂರ್ತಿ ಬೇರೆ ಥರ ಕಾಣುವುದಿಲ್ಲ. ಐವತ್ತೆರಡು ವರ್ಷ ಆಗುವವರೆಗೆ ಒಂದು ಹನಿ ಬಾಯಿಗೆ ಹಾಕಿದವಳಲ್ಲ ನಾನು.

ಹಾಗಿದ್ದವಳು ಹೋಗಿದ್ದು ಎಂಟು ಸಾವಿರ ವರ್ಷದಿಂದ ವೈನ್ ಮಾಡುತ್ತಿರುವ ದೇಶಕ್ಕೆ. ಮಗಳು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅಲ್ಲಿ ನಮ್ಮ ಕಡೆಯ ಮಕ್ಕಳು ಬೇಕಾದಷ್ಟು ಇದ್ದಾರೆ, ಅದೇನೂ ಹೊಸದಲ್ಲ. ಅವಳ ರೂಮಿನ ಒಡತಿ ದ್ರಾಕ್ಷಿ ಕೊಯ್ಲಿಗೆ ತನ್ನ ಊರಿಗೆ ಕರೆದಿದ್ದಳು. "ಅಮ್ಮ, ಬಾ. ಬೆಟ್ಟ ಹತ್ತಿಸ್ತೀನಿ" ಅಂತ ಮಗಳು ಆಸೆ ತೋರಿಸಿದಳು. ವೈನ್ ವಿಷಯ ಎತ್ತಲಿಲ್ಲ. ನಾನು ವಾರಕ್ಕೆ ಎರಡು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ ಅಂತ ಅವಳಿಗೆ ಗೊತ್ತು. ಹೊರಟಿದ್ದು ಸೆಪ್ಟೆಂಬರ್ ಕೊನೆಗೆ. ಇಲ್ಲಿ ಪಿತೃಪಕ್ಷ. ಮದುವೆಯಾದ ಮೇಲೆ ಅದೇ ಮೊದಲ ಸಲ ಅಪ್ಪನ ಎಡೆಗೆ ನಾನು ಊರಲ್ಲಿ ಇರಲಿಲ್ಲ.

ಗೆರ್ಗೆತಿ ದಾರಿ

ಟಿಬಿಲಿಸಿಯಿಂದ ಉತ್ತರಕ್ಕೆ, ರಷ್ಯಾ ಗಡಿಯ ಹತ್ತಿರ, ಸ್ತೆಪಾನ್‌ಸ್ಮಿಂಡಾ ಅಂತ ಒಂದು ಸಣ್ಣ ಊರಿದೆ. ನಮ್ಮ ಟೆಂಪೊ ಟ್ರಾವೆಲರ್ ಥರದ ಗಾಡಿಗೆ ಅಲ್ಲಿ ಮರ್ಶ್ರೂತ್ಕಾ ಅನ್ನುತ್ತಾರೆ. ಅದರಲ್ಲಿ ಹೋದೆವು. ದಾರಿಯಲ್ಲಿ ಗುಡ್ಡದ ಮೇಲೆ ಒಂದು ಚರ್ಚ್ ಕಂಡರೆ ಸಾಕು, ಗಾಡಿಯಲ್ಲಿದ್ದವರೆಲ್ಲ ಎದೆಯ ಮೇಲೆ ಮೂರು ಸಲ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು. ಡ್ರೈವರ್ ಕೂಡ. ಮೈಸೂರಿಗೆ ಬರುವ ಬಸ್ಸಿನಲ್ಲಿ ದೂರದಿಂದ ಚಾಮುಂಡಿ ಬೆಟ್ಟ ಕಂಡ ಕೂಡಲೇ ಕೈ ಎದೆಗೆ ಹೋಗುತ್ತದಲ್ಲ, ಅದೇ. ಕೈ ಹೋಗುವ ರೀತಿ ಬೇರೆ, ಅಷ್ಟೆ.

ಆ ಊರು ಇರುವುದು 1,740 ಮೀಟರ್ ಎತ್ತರದಲ್ಲಿ. ಅದರ ನೆತ್ತಿಯ ಮೇಲೆ, 2,170 ಮೀಟರ್‌ನಲ್ಲಿ, ಗೆರ್ಗೆತಿಯ ಹೋಲಿ ಟ್ರಿನಿಟಿ ಚರ್ಚ್. 14ನೇ ಶತಮಾನದ್ದು. ಹಿಂದೆ 5,000 ಮೀಟರಿಗೂ ಜಾಸ್ತಿ ಎತ್ತರದ ಕಜ್ಬೆಕ್ ಹಿಮಪರ್ವತ. ಈಗ ಚರ್ಚಿನವರೆಗೂ ಟಾರು ರಸ್ತೆ ಆಗಿದೆ. ಜೀಪಿನವರು ಕೂಗಿ ಕೂಗಿ ಕರೆಯುತ್ತಾರೆ. ಆದರೂ ಹಳೇ ಕಾಲುದಾರಿ ಇದ್ದೇ ಇದೆ. ಊರಿನ ಕಲ್ಲುಮನೆಗಳ ನಡುವೆ ಶುರುವಾಗಿ, ಒಂದು ತೊರೆ ಪಕ್ಕ ಹಾದು, ಕಾಡು ಹೊಕ್ಕು, ಆಮೇಲೆ ಬಟಾಬಯಲಿಗೆ ತಂದು ಬಿಡುತ್ತದೆ. ನಮ್ಮ ಬೆಟ್ಟಕ್ಕೂ ರಸ್ತೆ ಆಗಿ ಎಷ್ಟೋ ಕಾಲ ಆಯಿತು. ಆದರೂ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲಿಗೆ ದಿನಾ ಯಾರಾದರೂ ಒಬ್ಬ ಹೆಣ್ಣುಮಗಳು ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾಳೆ. ರಸ್ತೆ ಬಂದ ಮಾತ್ರಕ್ಕೆ ಹರಕೆ ಬಸ್ಸು ಹತ್ತುವುದಿಲ್ಲ.

ನಮ್ಮ ಮುಂದೆ ಒಬ್ಬ ಮುದುಕಿ ಹತ್ತುತ್ತಿದ್ದಳು. ಕಪ್ಪು ಬಟ್ಟೆ, ತಲೆಗೆ ಸ್ಕಾರ್ಫ್, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಇಪ್ಪತ್ತು ಹೆಜ್ಜೆ ಹತ್ತುವುದು, ನಿಲ್ಲುವುದು, ಮೇಲೆ ನೋಡುವುದು. ಸುಮಾರು ದೂರ ನಾನು ಅವಳನ್ನು ದಾಟಲಿಲ್ಲ. ಅವಳು ನಿಂತಾಗ ನಾನೂ ನಿಂತೆ. ಕವರ್‌ನಲ್ಲಿ ಒಂದು ರೊಟ್ಟಿ, ಸಣ್ಣ ಮೇಣದ ಬತ್ತಿಗಳ ಕಟ್ಟು, ನೀರಿನ ಬಾಟಲಿ. ಆ ಬಾಟಲಿಯಲ್ಲಿ ನೀರಿರಲಿಲ್ಲ. ಜೋನಿಬೆಲ್ಲದ ಬಣ್ಣದ ವೈನ್ ಇತ್ತು. ಮಗಳು ಮೆಲ್ಲಗೆ, "ಮನೇದು ಇರಬೇಕಮ್ಮ, ಚರ್ಚಿಗೆ ಕೊಡೋಕೆ" ಅಂದಳು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ದೇವರ ಬೆಟ್ಟಕ್ಕೆ ಅದನ್ನು ಎದೆಗೆ ಒತ್ತಿಕೊಂಡು ಹೋಗುತ್ತಿದ್ದಾಳಲ್ಲ ಅಂತ.

ಆಗ ನೆನಪಾಗಿದ್ದು ಅಪ್ಪ. ಕುಡಿಯುವ ಅಪ್ಪ ಅಲ್ಲ, ಇನ್ನೊಬ್ಬ.

ಪ್ರತಿ ಶಿವರಾತ್ರಿಗೆ ಅಪ್ಪ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದ. ಮಾಲೆ ಹಾಕಿದ ದಿನದಿಂದ ಸಾರಾಯಿ ಮುಟ್ಟುತ್ತಿರಲಿಲ್ಲ. ನನಗೆ ಎಂಟು ವರ್ಷ ಆಗಿದ್ದಾಗ ಒಂದು ಸಲ ನನ್ನನ್ನೂ ಕರೆದುಕೊಂಡು ಹೋದ. ಕೊಳ್ಳೇಗಾಲದವರೆಗೆ ಬಸ್ಸು. ಅಲ್ಲಿಂದ ಹನೂರು, ಕೌದಳ್ಳಿ, ತಾಳುಬೆಟ್ಟ ಅಂತ ನಡಿಗೆ. ದಾರಿಯುದ್ದಕ್ಕೂ ಯಾರ ಯಾರದೋ ಮನೆಯವರು ಮಜ್ಜಿಗೆ ಕೊಟ್ಟರು, ಪಾನಕ ಕೊಟ್ಟರು. ಜಗಲಿ ಮೇಲೆ ಮಲಗಿದೆವು. ತಾಳುಬೆಟ್ಟದಲ್ಲಿ ಕರ್ಪೂರ ಹಚ್ಚಿ, "ಉಘೇ ಉಘೇ ಮಾದಪ್ಪ" ಅಂತ ಸಾವಿರ ಗಂಟಲು ಒಟ್ಟಿಗೆ ಕೂಗಿದಾಗ ನನಗೆ ಹೆದರಿಕೆ ಆಗಿ ಅತ್ತುಬಿಟ್ಟೆ. ಅಪ್ಪ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮೇಲಕ್ಕೆ ಹೋಗುವವರೆಗೂ ಇಳಿಸಲಿಲ್ಲ. ಅವನ ಅಂಗಾಲಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅದಕ್ಕೆ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದ. ನಾನು ಅವನ ತಲೆ ಹಿಡಿದುಕೊಂಡು ಬಗ್ಗಿದಾಗ ಕುತ್ತಿಗೆಯಿಂದ ಬೆವರು ಮತ್ತು ವಿಭೂತಿ ವಾಸನೆ ಬರುತ್ತಿತ್ತು. ಬರೀ ಅದೇ. ಅಪ್ಪನ ಮೈಯಿಂದ ಬೇರೆ ಯಾವ ವಾಸನೆಯೂ ಬರದ ದಿನ ಅದು. ಎಂಟು ವರ್ಷದ ನಾನು ಅದನ್ನು ಮೂಗಿಗೆ ಎಳೆದು ಎಳೆದು ತುಂಬಿಕೊಂಡಿದ್ದು ನೆನಪಿದೆ.

ಅವತ್ತಿಂದ ನನ್ನ ಮನಸ್ಸಿನಲ್ಲಿ ಇಬ್ಬರು ಅಪ್ಪಂದಿರು. ಬೆಟ್ಟ ಹತ್ತುವವನು ಒಬ್ಬ, ಕುಡಿಯುವವನು ಒಬ್ಬ. ಮೊದಲನೆಯವನನ್ನು ಮಾತ್ರ ಅಪ್ಪ ಅಂತ ಇಟ್ಟುಕೊಂಡೆ. ಎರಡನೆಯವನನ್ನು ನಲವತ್ತು ವರ್ಷ ಹೊಸ್ತಿಲ ಹೊರಗೇ ನಿಲ್ಲಿಸಿದ್ದೆ.

ಮೇಲೆ ಚರ್ಚಿನ ಬಾಗಿಲಲ್ಲಿ ಹೆಂಗಸರಿಗೆ ಅಂತ ತಲೆಗೆ ಬಟ್ಟೆ, ಸೊಂಟಕ್ಕೆ ಸುತ್ತಿಕೊಳ್ಳಲು ಲಂಗದಂಥದ್ದು ಇಟ್ಟಿದ್ದರು. ಒಳಗೆ ಕತ್ತಲು, ಮೇಣದ ಬೆಳಕು, ಗೋಡೆ ತಣ್ಣಗೆ. ಮುದುಕಿ ನಮಗಿಂತ ಹತ್ತು ನಿಮಿಷ ತಡವಾಗಿ ಬಂದಳು. ಬಾಟಲಿ, ರೊಟ್ಟಿ ಎರಡನ್ನೂ ಒಬ್ಬ ಸನ್ಯಾಸಿ ಕೈಗೆ ಕೊಟ್ಟಳು. ಆತ ತಲೆ ಬಾಗಿಸಿ ತೆಗೆದುಕೊಂಡರು.

ಹಗೇವಿನಂಥ ಗುಡಾಣ

ಕಾಖೆತಿ ಜಾರ್ಜಿಯಾದ ಪೂರ್ವದ ಸೀಮೆ. ದ್ರಾಕ್ಷಿ ಜಾಸ್ತಿ ಬೆಳೆಯೋದು ಅಲ್ಲಿ. ತೆಲಾವಿ ಊರಿನ ಹತ್ತಿರ ಮಗಳ ಒಡತಿಯ ತವರು. ಕೊಯ್ಲಿಗೆ ಅವರು ರ್ತ್ವೆಲಿ ಅನ್ನುತ್ತಾರೆ. ಹೋದ ಕೂಡಲೇ ಕೈಗೆ ಕತ್ತರಿ, ಬಕೆಟ್ ಕೊಟ್ಟರು. ಅರ್ಧ ದಿನ ಕೊಯ್ದೆ. ಸಪೆರಾವಿ ಅಂತ ಕಪ್ಪು ದ್ರಾಕ್ಷಿ. ಆ ಹೆಸರಿಗೆ ಬಣ್ಣ ಹಾಕುವಂಥದ್ದು ಅಂತ ಅರ್ಥವಂತೆ. ಸಿಪ್ಪೆ ಮಾತ್ರ ಅಲ್ಲ, ಒಳಗಿನ ತಿರುಳೂ ಕೆಂಪು. ಸಂಜೆಗೆ ನನ್ನ ಬೆರಳೆಲ್ಲ ನೇರಳೆ ಹಣ್ಣು ತಿಂದ ನಾಲಿಗೆ ಥರ ಆಗಿತ್ತು. ಮೂರು ದಿನ ಹೋಗಲಿಲ್ಲ. ಆ ಪುಟ್ಟ ದೇಶದಲ್ಲಿ ಇಂಥ ದ್ರಾಕ್ಷಿ ತಳಿ 500ಕ್ಕೂ ಜಾಸ್ತಿ ಇವೆ.

ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು ದ್ರಾಕ್ಷಿ ರಸ ಕುದಿಸುತ್ತಿದ್ದರು. ಅದಕ್ಕೆ ಹಿಟ್ಟು ಕಲಸಿ ಗಟ್ಟಿ ಮಾಡಿ, ದಾರಕ್ಕೆ ಪೋಣಿಸಿದ ಅಕ್ರೋಟನ್ನು ಅದ್ದಿ ಅದ್ದಿ ತೆಗೆದು ನೇತು ಹಾಕುತ್ತಾರೆ. ಚುರ್ಚ್‌ಖೇಲಾ ಅಂತ ಹೆಸರು. ಆ ಹೊಗೆ, ಆ ಸಿಹಿ ಆವಿ, ಸುತ್ತ ಮುತ್ತ ಜೇನು ನೊಣ, ಕಾದು ಕೂತ ಮಕ್ಕಳು. ಥೇಟ್ ನಮ್ಮ ಆಲೆಮನೆ. ತೆಂಗಿನಕಾಯಿ ಚೂರನ್ನು ಕಡ್ಡಿಗೆ ಚುಚ್ಚಿ ಬೆಲ್ಲದ ಪಾಕಕ್ಕೆ ಅದ್ದಿಕೊಂಡು ತಿಂದ ಮಂಡ್ಯದ ಯಾವ ಮಗುವನ್ನು ಅಲ್ಲಿ ತಂದು ಬಿಟ್ಟರೂ ಏನು ಮಾಡಬೇಕು ಅಂತ ಹೇಳಿಕೊಡಬೇಕಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಾನಿ. ಮನೆ ಪಕ್ಕದ ಕಲ್ಲಿನ ಕೋಣೆ. ಒಳಗೆ ಹೋದರೆ ಏನೂ ಕಾಣುವುದಿಲ್ಲ. ನೆಲದಲ್ಲಿ ದುಂಡನೆ ಬಾಯಿಗಳು ಮಾತ್ರ. ಒಂದೊಂದು ಬಾಯಿ ಕೆಳಗೂ ಒಂದೊಂದು ಮಣ್ಣಿನ ಗುಡಾಣ, ಕತ್ತಿನವರೆಗೂ ಹೂತಿಟ್ಟಿದ್ದಾರೆ. ಮೊಟ್ಟೆ ಆಕಾರ, ಒಳಗೆ ಜೇನುಮೇಣ ಸವರಿರುತ್ತಾರೆ. ಇದೇ ಕ್ವೆವ್ರಿ. ರಸ, ಸಿಪ್ಪೆ, ಬೀಜ, ತೊಟ್ಟು ಎಲ್ಲ ಒಟ್ಟಿಗೆ ಸುರಿದು ಹುದುಗಲು ಬಿಡುತ್ತಾರೆ. ಆಮೇಲೆ ಕಲ್ಲು ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಐದಾರು ತಿಂಗಳು ಆ ಕಡೆ ತಿರುಗಿ ನೋಡುವುದಿಲ್ಲ. ನೆಲದ ತಂಪು ಅದನ್ನು ಕಾಯುತ್ತದೆ. 2013ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಟಿಬಿಲಿಸಿಯ ದಕ್ಷಿಣಕ್ಕೆ ಸಿಕ್ಕ ಹಳೇ ಮಡಕೆ ಚೂರುಗಳಲ್ಲಿ ಕ್ರಿಸ್ತಪೂರ್ವ 6000ದ ಹೊತ್ತಿನ ವೈನ್ ಗುರುತು ಇದೆ ಅಂತ 2017ರಲ್ಲಿ ವಿಜ್ಞಾನಿಗಳು ತೋರಿಸಿದರು.

ನನಗೆ ಕಂಡಿದ್ದು ನಮ್ಮೂರ ಹಗೇವು. ತಾತ ನೆಲದಡಿಯ ಗುಂಡಿಗೆ ರಾಗಿ ತುಂಬಿ ಚಪ್ಪಡಿ ಎಳೆದು ಮಣ್ಣು ಮುಚ್ಚುತ್ತಿದ್ದ ಹಗೇವು. ವರ್ಷಗಟ್ಟಲೆ ಕೆಡದೆ ಇರುತ್ತಿತ್ತು ರಾಗಿ. ತೆಗೆಯುವ ದಿನ ಬಾಯಿ ತೆರೆದು ಅರ್ಧ ದಿನ ಗಾಳಿಗೆ ಬಿಡಬೇಕು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಒಳಗಿನ ಕಾವು ಆಳನ್ನೇ ತಿಂದುಬಿಡುತ್ತದೆ. ಒಡತಿಯ ಅಣ್ಣ, ಎಪ್ಪತ್ತು ದಾಟಿದವರು, ನನಗೆ ತಮ್ಮ ದೊಡ್ಡ ಕ್ವೆವ್ರಿಗಳ ಬಗ್ಗೆ ಹೇಳಿದ್ದೂ ಅದೇ ಥರದ ಮಾತು. ಒಳಗೆ ಇಳಿದೇ ತೊಳೆಯಬೇಕು, ಆದರೆ ಹುದುಗು ಬರುವಾಗ ಹತ್ತಿರ ಬಗ್ಗಬಾರದು ಅಂತ. ತೊಳೆಯುವುದಕ್ಕೆ ಚೆರ್ರಿ ಮರದ ತೊಗಟೆಯ ಬ್ರಷ್ಷು. ಮೊಗೆಯುವುದಕ್ಕೆ ಉದ್ದ ಕೋಲಿಗೆ ಕಟ್ಟಿದ ಸೋರೆ ಬುರುಡೆ. ಸೋರೆ ಬುರುಡೆ ನೋಡಿ ನನಗೆ ಮೈ ಜುಮ್ ಅಂತು. ಈಚಲ ಹೆಂಡ ಇಳಿಸುವವರ ಕೈಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೆ.

ಮೂಲೆಯಲ್ಲಿ ಒಂದು ಸಣ್ಣ ಕ್ವೆವ್ರಿ ಬೇರೆಯಾಗಿತ್ತು. ಅದನ್ನು ತೋರಿಸಿ ಆ ಹಿರಿಯರು "ಜೆದಾಶೆ" ಅಂದರು. ಮಗಳು ಕಷ್ಟಪಟ್ಟು ಬಿಡಿಸಿ ಹೇಳಿದಳು. ಆ ವರ್ಷದ ಒಳ್ಳೇ ರಸ ಮೊದಲು ಅದಕ್ಕೆ. ಹಬ್ಬಕ್ಕೆ, ದೇವರ ಹೆಸರಲ್ಲಿ, ಸತ್ತವರ ಹೆಸರಲ್ಲಿ ಮಾತ್ರ ತೆಗೆಯೋದು. ಸುಮ್ನೆ ಕುಡಿಯೋಕೆ ಮುಟ್ಟುವ ಹಾಗಿಲ್ಲ. "ಮೀಸಲು" ಅಂದೆ ನಾನು. ಮಗಳಿಗೆ ಆ ಮಾತಿನ ಭಾರ ಗೊತ್ತಿಲ್ಲ, ಪಾಪ. ಅವ್ವ ಮಾದಪ್ಪನಿಗೆ ಅಂತ ಹಟ್ಟಿಯ ಮೊದಲ ತುಪ್ಪವನ್ನು ಬೇರೆ ಗಡಿಗೆಗೆ ಎತ್ತಿಡುತ್ತಿದ್ದಳು. ನಾವು ಮಕ್ಕಳು ಆ ಗಡಿಗೆ ಕಡೆ ಕೈ ತೋರಿಸುತ್ತಲೂ ಇರಲಿಲ್ಲ.

ಆ ಹಿರಿಯರು ಕಂಡ ಕಷ್ಟವೂ ಕಡಿಮೆ ಅಲ್ಲ. ಜಾರ್ಜಿಯಾ ಸೋವಿಯತ್ ಒಕ್ಕೂಟದಲ್ಲಿದ್ದ ಕಾಲ, 1985ರಲ್ಲಿ ಅದರ ನಾಯಕ ಗೋರ್ಬಚೇವ್ ಕುಡಿತದ ವಿರುದ್ಧ ಕಾನೂನು ತಂದಾಗ ಎಷ್ಟೋ ದ್ರಾಕ್ಷಿ ತೋಟ ಕಿತ್ತು ಹಾಕಿದರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಕೊಳ್ಳುವುದನ್ನೇ ನಿಲ್ಲಿಸಿತು. 2013ರವರೆಗೆ ಆ ಬಾಗಿಲು ಮುಚ್ಚಿತ್ತು. ಬಳ್ಳಿ ಕೀಳುವ ದಿನ ತಮ್ಮ ತಂದೆ ತೋಟಕ್ಕೆ ಹೋಗದೆ ಮರಾನಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. ಕುಡಿತಕ್ಕೆ ಮನೆ ಕಳೆದುಕೊಂಡವರು ಅವರ ಊರಿನಲ್ಲೂ ಇದ್ದಾರೆ ಅಂತ ಅವರೇ ಹೇಳಿದರು. ಅದನ್ನು ಮುಚ್ಚಿಡಲಿಲ್ಲ ಅಂತಲೇ ಅವರ ಉಳಿದ ಮಾತನ್ನೂ ನಾನು ನಂಬಿದೆ.

ಮಾರನೇ ದಿನ ಅಲಾವೆರ್ದಿ ಮಠಕ್ಕೆ ಹೋದೆವು. 11ನೇ ಶತಮಾನದ ದೊಡ್ಡ ಚರ್ಚು, ಪಕ್ಕದಲ್ಲೇ ಸನ್ಯಾಸಿಗಳ ದ್ರಾಕ್ಷಿ ತೋಟ. 1011ರಿಂದ ಅಂತ ಅವರ ಬಾಟಲಿ ಮೇಲೆ ಬರೆದಿರುತ್ತದೆ. ಸೋವಿಯತ್ ಕಾಲದಲ್ಲಿ ನಿಂತುಹೋಗಿದ್ದನ್ನು ಈಗ ಮತ್ತೆ ಶುರು ಮಾಡಿದ್ದಾರೆ. ಅವ್ವ ಕೇಳಿದ್ದು ಈ ಸ್ವಾಮಿಗಳ ಬಗ್ಗೆಯೇ. ಆ ನಾಡಿಗೆ ಕ್ರಿಸ್ತನನ್ನು ತಂದವಳು ನಾಲ್ಕನೇ ಶತಮಾನದ ಸಂತ ನೀನೋ. ಎರಡು ದ್ರಾಕ್ಷಿ ಕಡ್ಡಿಗಳನ್ನು ತನ್ನ ಕೂದಲಿನಲ್ಲೇ ಕಟ್ಟಿ ಶಿಲುಬೆ ಮಾಡಿದಳು ಅಂತ ಅವರ ನಂಬಿಕೆ. ಅದಕ್ಕೇ ಜಾರ್ಜಿಯಾದ ಶಿಲುಬೆಯ ತೋಳು ಬಳ್ಳಿಯಂತೆ ಜೋತು ಬಿದ್ದಿರುತ್ತದೆ. ಅವರಿಗೆ ದೇವರು ಬಂದಿದ್ದೇ ಬಳ್ಳಿ ಹಿಡಿದುಕೊಂಡು.

ನಮ್ಮಲ್ಲಿ ಇರಲಿಲ್ಲವೇ? ಇತ್ತು. ನಮ್ಮ ಕಡೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಕತೆಯಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣ ಪಟ್ಟಣಕ್ಕೆ ಬರುವುದೇ ಹೆಂಡದ ಗಡಿಗೆ ಹೊತ್ತುಕೊಂಡು. ಮಂಟೇಸ್ವಾಮಿ ಮಠ ಇರುವ ಮಳವಳ್ಳಿಯ ಬೊಪ್ಪೇಗೌಡನಪುರ ನಮ್ಮೂರಿಗೆ ಏನೂ ದೂರವಲ್ಲ. ಆ ಹಾಡು ಕೇಳುತ್ತಲೇ ಬೆಳೆದವಳು ನಾನು. ಗಡಿಗೆಯ ಮಾತು ಬಂದಾಗ ಮಾತ್ರ ಕಿವಿ ಮುಚ್ಚಿಕೊಂಡಿದ್ದೆ. ಅದು ನನ್ನ ಕಿವಿಗೆ ಸಾರಾಯಿ ಪ್ಯಾಕೆಟ್ ಅಂತಲೇ ಕೇಳಿಸುತ್ತಿತ್ತು.

ಸತ್ತವರ ಸರದಿ

ಆ ರಾತ್ರಿ ಅವರ ಮನೆಯಲ್ಲಿ ಸುಪ್ರಾ. ಅಂದರೆ ಪಂಕ್ತಿ ಊಟ. ಅದಕ್ಕೊಬ್ಬ ಯಜಮಾನ ಇರುತ್ತಾನೆ, ತಮಾದಾ ಅಂತ. ಒಡತಿಯ ಅಣ್ಣನೇ ತಮಾದಾ. ನಮ್ಮಿಷ್ಟಕ್ಕೆ ಲೋಟ ಎತ್ತಿ ಕುಡಿಯುವ ಹಾಗಿಲ್ಲ. ತಮಾದಾ ಎದ್ದು ಮಾತಾಡಬೇಕು. ಮೊದಲು ದೇವರಿಗೆ, ಆಮೇಲೆ ಶಾಂತಿಗೆ, ಆಮೇಲೆ ನಾಡಿಗೆ. ಮಾತು ಮುಗಿದ ಮೇಲೆ ಎಲ್ಲರೂ "ಗೌಮಾರ್ಜೋಸ್" ಅಂತ ಕೂಗುತ್ತಾರೆ. ಗೆಲುವಾಗಲಿ ಅಂತ ಅರ್ಥ. ನನ್ನ ಕಿವಿಗೆ ಉಘೇ ಅಂದ ಹಾಗೇ ಕೇಳಿತು. ನನ್ನ ಮುಂದೆ ದಾಳಿಂಬೆ ರಸ ಇಟ್ಟಿದ್ದರು. ಯಾರೂ ಯಾಕೆ ಕುಡಿಯಲ್ಲ ಅಂತ ಕೇಳಲಿಲ್ಲ.

ಆಮೇಲೆ ಅವರು ದನಿ ಇಳಿಸಿದರು. ಮಗಳು ನನ್ನ ಕಿವಿಯಲ್ಲಿ, "ಈಗ ಸತ್ತವರಿಗೆ" ಅಂದಳು. ತಮ್ಮ ತಂದೆಯ ಹೆಸರು ಹೇಳಿದರು, ತಾಯಿಯ ಹೆಸರು ಹೇಳಿದರು. ಒಬ್ಬೊಬ್ಬರೂ ತಮ್ಮ ತಮ್ಮವರ ಹೆಸರು ಹೇಳುತ್ತಾ ಹೋದರು. ರೊಟ್ಟಿ ಮುರಿದು ಅದರ ಮೇಲೆ ನಾಲ್ಕು ಹನಿ ವೈನ್ ಬಿಟ್ಟರು. ಯಾರೂ ಗೌಮಾರ್ಜೋಸ್ ಅನ್ನಲಿಲ್ಲ. ನನ್ನ ಸರದಿ ಬಂದಾಗ ಎಲ್ಲರೂ ನನ್ನನ್ನು ನೋಡಿದರು. ಒತ್ತಾಯ ಇರಲಿಲ್ಲ ಅದರಲ್ಲಿ. ಕಾಯುತ್ತಿದ್ದರು, ಅಷ್ಟೆ.

ಮೈಸೂರಿನಲ್ಲಿ ಅದೇ ವಾರ ಪಿತೃಪಕ್ಷ ನಡೆಯುತ್ತಿತ್ತು. ನನ್ನ ತಮ್ಮ ಊರಲ್ಲಿ ಎಡೆ ಇಡುತ್ತಾನೆ. ಪ್ರತಿ ವರ್ಷ ಅಪ್ಪನಿಗೆ ಅಂತ ಒಂದು ಕ್ವಾರ್ಟರ್ ಇಡುತ್ತೇನೆ ಅನ್ನುತ್ತಾನೆ. ನಮ್ಮ ಕಡೆ ಹೋದವರಿಗೆ ಏನು ಇಷ್ಟವೋ ಅದನ್ನೇ ಇಡಬೇಕಲ್ವಾ. ಅದನ್ನು ಇಟ್ಟರೆ ನಾನು ಹೊಸ್ತಿಲು ತುಳಿಯಲ್ಲ ಅಂತ ಪ್ರತಿ ವರ್ಷ ಜಗಳ ಆಡಿ ನಿಲ್ಲಿಸಿದ್ದೇನೆ. ಇಪ್ಪತ್ತು ವರ್ಷ ಅಪ್ಪನಿಗೆ ಮುದ್ದೆ, ಕೋಳಿ ಸಾರು, ಕಜ್ಜಾಯ, ಬೀಡಿ ಕಟ್ಟು. ಕುಡಿಯುವ ಅಪ್ಪನಿಗೆ ಮಾತ್ರ ಎಲೆ ಹಾಕಿರಲಿಲ್ಲ ನಾನು.

ಮಗಳ ಲೋಟ ತೆಗೆದುಕೊಂಡೆ. ಅಪ್ಪನ ಹೆಸರು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ರೊಟ್ಟಿ ಮೇಲೆ ಬಿಡಲು ಹೋಗಿ ಕೈ ನಡುಗಿ ಜಾಸ್ತಿಯೇ ಸುರಿಯಿತು. ತಮಾದಾ ನನ್ನ ಹತ್ತಿರ ಬಂದು ಒಂದು ಮಾತೂ ಆಡದೆ ಪಕ್ಕದಲ್ಲಿ ನಿಂತುಕೊಂಡರು. ಆಮೇಲೆ ಉಳಿದದ್ದನ್ನು ಕುಡಿದೆ. ಒಗರು. ಹಾಲು ಹಾಕದ ಟೀ ಡಿಕಾಕ್ಷನ್ ಥರ. ಆಮೇಲೆ ಎಲ್ಲೋ ಹಿಂದಿನಿಂದ ಒಣ ಹಣ್ಣಿನ ವಾಸನೆ. ನಾನು ಇಷ್ಟು ವರ್ಷ ಹೆದರಿದ್ದ ವಾಸನೆ ಅದರಲ್ಲಿ ಇರಲಿಲ್ಲ.

ಇದನ್ನು ಓದಿ ಯಾರಾದರೂ ಕುಡಿತ ಒಳ್ಳೇದು ಅಂದುಕೊಂಡರೆ ನನಗೆ ಸಂಕಟವಾಗುತ್ತದೆ. ಅವ್ವನ ಮುಂಗೈ ಮೇಲಿನ ಗಾಯದ ಗುರುತು ಯಾವ ಕ್ವೆವ್ರಿಯಿಂದಲೂ ಮಾಯುವುದಿಲ್ಲ. ಅಪ್ಪ ಒಬ್ಬನೇ ಕುಡಿದ. ಅಂಗಡಿ ಹಿಂದೆ ನಿಂತು, ಯಾರ ಹೆಸರೂ ಹೇಳದೆ, ಪ್ಯಾಕೆಟ್ ಹಲ್ಲಲ್ಲಿ ಕಚ್ಚಿ. ಅವನಿಗೆ ಪಂಕ್ತಿ ಅಂತ ಸಿಕ್ಕಿದ್ದು ಮಾದಪ್ಪನ ಬೆಟ್ಟದ ದಾರಿಯಲ್ಲಿ ಮಾತ್ರ. ಅಲ್ಲಿಗೆ ಅವನು ಬೊಬ್ಬೆ ಎದ್ದ ಕಾಲಲ್ಲಿ ಪ್ರತಿ ವರ್ಷ ನಡೆದು ಹೋಗುತ್ತಿದ್ದ. ಎರಡೂ ಒಬ್ಬನೇ ಮನುಷ್ಯನ ಕಾಲು.

ಈ ವರ್ಷದ ಎಡೆ

ಈ ಸಲ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋದೆ. ಎಲೆ ಹಾಕಿದರು. ಹೊಸ ಪಂಚೆ ಇಟ್ಟರು. ತಮ್ಮ ಅಭ್ಯಾಸಬಲದಿಂದ ನನ್ನ ಮುಖ ನೋಡಿದ. "ಇಡು" ಅಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಾತಾಡದೆ ಹೋಗಿ ತಂದ. ಎಲೆಯ ಬಲಗಡೆ ಇಟ್ಟ. ಎಡಗಡೆ ನಾನು ಅಪ್ಪ ಬೆಟ್ಟಕ್ಕೆ ಹೋಗುವಾಗ ಹೆಗಲಿಗೆ ಹಾಕುತ್ತಿದ್ದ ಹಳೇ ಟವಲ್ ಮಡಿಸಿ ಇಟ್ಟೆ. ಪೆಟ್ಟಿಗೆಯಿಂದ ಅದನ್ನು ಅವ್ವನೇ ತೆಗೆದುಕೊಟ್ಟಿದ್ದಳು. ಅಂಚೆಲ್ಲ ಪಿಸಿದು ಹೋಗಿದೆ.

ಕರ್ಪೂರ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದು, ಎಲ್ಲರೂ ಹೊರಗೆ ಬಂದು ಜಗಲಿ ಮೇಲೆ ಕೂತೆವು. ಬಂದವರು ಉಣ್ಣುವವರೆಗೂ ಒಳಗೆ ಹೋಗಬಾರದು. ಮಕ್ಕಳು ಬೀದಿಯಲ್ಲಿ ಆಡುತ್ತಿದ್ದವು. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತಳು. ತುಂಬಾ ಹೊತ್ತು ಸುಮ್ಮನಿದ್ದಳು.

"ಬೆಟ್ಟದಿಂದ ಬಂದ್ಮೇಲೆ ಮೂರು ದಿನ ಚೆಂದಾಗಿರೋರು ನಿಮ್ಮಪ್ಪ" ಅಂದಳು. "ಆ ಮೂರು ದಿನುಕ್ಕೆ ವರ್ಸವೆಲ್ಲ ಕಾಯ್ತಿದ್ದೆ ಕನವ್ವ."

ಆಮೇಲೆ ಎದ್ದು ಹೋಗಿ, ಬಾಗಿಲನ್ನು ಬೆರಳಿನಿಂದ ಮೂರು ಸಲ ತಟ್ಟಿದಳು. ಸ್ವಲ್ಪ ನಿಂತು, ತಳ್ಳಿದಳು.